ಬಟ್ಟೆ ಅಳೆಯುವ ಕಣ್ಣು, ಬೈಗುಳ ಕೇಳದ ಕಿವಿ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾವೇರಿ ದಡದ ಆಂಜನೇಯನ ಕಥೆಯನ್ನು ಮಂಡ್ಯ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಸೀತಮ್ಮನ ಮೂಗುತಿಯ ಮುತ್ತು ಮಡುವಿಗೆ ಬಿತ್ತು, ಹನುಮ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ. ಡಾ. ರಾಜ್‌ಕುಮಾರ್ ಅವರಿಗೆ ಹೆತ್ತವರು ಮುತ್ತುರಾಜ ಎಂದು ಹೆಸರಿಟ್ಟದ್ದು ಈ ಮುತ್ತತ್ತಿರಾಯನ ಮೇಲಿನ ಭಕ್ತಿಯಿಂದ. ಇದೇ ಹನುಮ 2009ರಲ್ಲಿ ವಿಡಿಯೊ ಗೇಮ್ ಆದ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿ, ಸೋನಿ ಕಂಪನಿ ಪ್ಲೇಸ್ಟೇಷನ್ 2ಕ್ಕೆ ಹೊರತಂದ ‘ಹನುಮಾನ್: ಬಾಯ್ ವಾರಿಯರ್’, ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟ. ಆಟ ಹೊರಬಂದ ಕೂಡಲೇ ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ತಕರಾರು ಎತ್ತಿದರು. ದೇವರನ್ನು ಆಡುವವನ ಕೈಯ ಬೊಂಬೆ ಮಾಡುವುದು ಸರಿಯಲ್ಲ, ಹಿಂತೆಗೆದುಕೊಳ್ಳಿ ಎಂದರು. ಮೂರು ವರ್ಷದ ನಂತರ ‘ಸ್ಮೈಟ್’ ಎಂಬ ಆಟದಲ್ಲಿ ಕಾಳಿಗೆ ತೊಡಿಸಿದ್ದ ಅರೆಬರೆ ಬಟ್ಟೆಯ ಬಗ್ಗೆಯೂ ಅವರೇ ಆಕ್ಷೇಪಿಸಿದರು. ಅದೇ ಆಟದಲ್ಲಿದ್ದ ಬೇರೆ ಹೆಣ್ಣು ಪಾತ್ರಗಳ ಬಟ್ಟೆಯ ಬಗ್ಗೆ ಇಲ್ಲಿ ಯಾರೂ ಚಕಾರ ಎತ್ತಲಿಲ್ಲ.

ನಮ್ಮಲ್ಲಿ ಗೇಮುಗಳ ಸೆನ್ಸಾರ್ ಕುರಿತ ಮಾತು ಸಾಗಿಬಂದಿರುವುದು ಹೀಗೇ. ದೇವರ ಮಾತು ಬಂತು, ದುಡ್ಡಿನ ಮಾತು ಬಂತು, ಚೀನಾದ ಮಾತು ಬಂತು. ಹೆಣ್ಣಿನ ಮಾತು ಬರುವಾಗ ಮಾತ್ರ ಅದು ಬಟ್ಟೆಯ ಉದ್ದಗಲಕ್ಕೆ ಬಂದು ನಿಂತಿತು. ಅಶ್ಲೀಲತೆ ಒಂದು, ಹೆಣ್ಣನ್ನು ಕೀಳಾಗಿ ಕಾಣುವುದು ಇನ್ನೊಂದು. ಮೊದಲನೆಯದಕ್ಕೆ ಹಾಕಿದ ಕತ್ತರಿ ಎರಡನೆಯದನ್ನು ಮುಟ್ಟುವುದೇ ಇಲ್ಲ. ಹೊರಗಿನದೂ ಸೇರಿ ನಲವತ್ತು ವರ್ಷಗಳ ಜಗಳವನ್ನು ಹಿಂತಿರುಗಿ ನೋಡಿದರೆ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಹೆಣ್ಣಿನ ಚಿತ್ರಣದ ಜಗಳ ಜೋರಾಗಿ ಶುರುವಾದದ್ದು 1982ರಲ್ಲಿ. ಅಟಾರಿ 2600 ಯಂತ್ರಕ್ಕಾಗಿ ಮಿಸ್ಟೀಕ್ ಎಂಬ ಕಂಪನಿ ‘ಕಸ್ಟರ್ಸ್ ರಿವೆಂಜ್’ ಎಂಬ ಆಟ ಮಾರಿತು. ಬೆತ್ತಲೆ ಸೈನಿಕನೊಬ್ಬ ಬಾಣಗಳಿಂದ ತಪ್ಪಿಸಿಕೊಂಡು ಹೋಗಿ, ಕಂಬದ ಬಳಿ ನಿಲ್ಲಿಸಿದ ಮೂಲನಿವಾಸಿ ಹೆಂಗಸನ್ನು ತಲುಪಬೇಕು. ತಲುಪಿ ಮಾಡುವುದೇನು ಎಂಬುದನ್ನು ಬರೆಯಬೇಕಿಲ್ಲ. ಪರದೆಯ ಮೇಲೆ ಕಾಣುವುದು ಒಂದಷ್ಟು ಬಣ್ಣದ ಚೌಕಗಳು ಮಾತ್ರ, ಮೈ ಎಂದು ಗುರುತಿಸುವುದಕ್ಕೇ ಕಲ್ಪನೆ ಬೇಕು. ಆದರೂ ಮಹಿಳಾ ಸಂಘಟನೆಗಳೂ ಮೂಲನಿವಾಸಿ ಸಂಘಟನೆಗಳೂ ನ್ಯೂಯಾರ್ಕಿನಲ್ಲಿ ಬೀದಿಗಿಳಿದವು. ಅವರು ಕೇಳಿದ ಪ್ರಶ್ನೆ ಚೌಕಗಳ ಬಗ್ಗೆ ಅಲ್ಲ, ಅತ್ಯಾಚಾರಕ್ಕೆ ಅಂಕ ಕೊಡುವ ಆಟದ ಬಗ್ಗೆ. ಚರ್ಚೆಯ ಮೊದಲ ಹೆಜ್ಜೆಯೇ ಸರಿಯಾದ ಕಡೆ ಬಿದ್ದಿತ್ತು ಎನ್ನಬೇಕು. ಆಮೇಲೆ ದಾರಿ ತಪ್ಪಿತು.

1987ರ ‘ಲೆಷರ್ ಸೂಟ್ ಲ್ಯಾರಿ’ ಎಂಬ ಪೋಲಿ ಆಟ ಶುರುವಿಗೆ ಮೊದಲು ಆಡುವವನ ವಯಸ್ಸು ಪರೀಕ್ಷಿಸುತ್ತಿತ್ತು. ಅಮೆರಿಕದ ರಾಜಕಾರಣ, ಹಳೆಯ ಟಿ.ವಿ. ಕಾರ್ಯಕ್ರಮಗಳ ಕುರಿತು ದೊಡ್ಡವರಿಗಷ್ಟೇ ಗೊತ್ತಿರಬಹುದಾದ ಪ್ರಶ್ನೆಗಳು. ನಮ್ಮ ಕಡೆಯ ಐವತ್ತು ವರ್ಷದ ಮೇಷ್ಟ್ರು ಕೂತರೂ ಫೇಲಾಗುತ್ತಿದ್ದರು! 1993ರ ಡಿಸೆಂಬರಿನಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಮತ್ತು ‘ನೈಟ್ ಟ್ರ್ಯಾಪ್’ ಆಟಗಳನ್ನು ಮುಂದಿಟ್ಟುಕೊಂಡು ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸರ್ಕಾರ ಕೈಹಾಕುವ ಮೊದಲೇ ಉದ್ಯಮ ತಾನೇ 1994ರಲ್ಲಿ ಇಎಸ್‌ಆರ್‌ಬಿ ಎಂಬ ವಯೋಮಿತಿ ಮಂಡಳಿ ಕಟ್ಟಿಕೊಂಡಿತು. ಜಪಾನಿನಲ್ಲಿ 2002ರಲ್ಲಿ, ಯುರೋಪಿನಲ್ಲಿ 2003ರಲ್ಲಿ ಇಂಥವೇ ಬಂದವು. ಡಬ್ಬದ ಮೇಲೆ ಒಂದು ಅಕ್ಷರ ಅಂಟಿಸಿ ಕೈತೊಳೆದುಕೊಳ್ಳುವ ಏರ್ಪಾಡು ಎಂದು ಇದನ್ನು ಹಳಿಯುವವರಿದ್ದಾರೆ. ನನಗೆ ಅಷ್ಟು ಕೋಪವಿಲ್ಲ. ಅಪ್ಪ ಅಮ್ಮನಿಗೆ ಡಬ್ಬದ ಒಳಗೇನಿದೆ ಎಂದು ತಿಳಿಸುವುದು ಒಳ್ಳೆಯದೇ.

ಆ ಏರ್ಪಾಡಿನ ಬುಡ ಅಲ್ಲಾಡಿದ್ದು 2005ರಲ್ಲಿ. ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಆಟದಲ್ಲಿ ನಾಯಕ ಗೆಳತಿಯ ಜೊತೆ ಮಲಗುವ ಒಂದು ಪುಟ್ಟ ಆಟವನ್ನು ತಯಾರಕರು ಬರೆದು, ಆಮೇಲೆ ಬೇಡವೆಂದು ಮುಚ್ಚಿಟ್ಟಿದ್ದರು. ತೆಗೆದುಹಾಕಿರಲಿಲ್ಲ. ನೆದರ್ಲೆಂಡ್ಸಿನ ಹವ್ಯಾಸಿಯೊಬ್ಬ ಅದರ ಬಾಗಿಲು ತೆರೆದ. ‘ಹಾಟ್ ಕಾಫಿ’ ಹಗರಣ ಎಂದು ಹೆಸರಾಯಿತು. ಹಿಲರಿ ಕ್ಲಿಂಟನ್ ಸೇರಿದಂತೆ ರಾಜಕಾರಣಿಗಳು ಗುಡುಗಿದರು, ಜುಲೈನಲ್ಲಿ ಇಎಸ್‌ಆರ್‌ಬಿ ಆಟವನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಿತು, ಅಂಗಡಿಗಳು ಕಪಾಟಿನಿಂದ ಇಳಿಸಿದವು, ಆಸ್ಟ್ರೇಲಿಯಾ ಮಾರಾಟವನ್ನೇ ನಿರಾಕರಿಸಿತು. ಬಟ್ಟೆ ತೊಟ್ಟ ಎರಡು ಬೊಂಬೆಗಳ ಒಪ್ಪಿಗೆಯ ಸಂಗ ಅದು. ಅದೇ ಸರಣಿಯ ಆಟಗಳಲ್ಲಿ ಬೀದಿಯ ಹೆಂಗಸನ್ನು ಕಾರಿಗೆ ಹತ್ತಿಸಿಕೊಂಡು, ಆಮೇಲೆ ಹೊಡೆದು ಕೊಂದು ಕೊಟ್ಟ ದುಡ್ಡನ್ನು ಕಿತ್ತುಕೊಳ್ಳುವುದಕ್ಕೆ ಅದಕ್ಕೂ ಮುಂಚಿನಿಂದಲೇ ಅವಕಾಶವಿತ್ತು. ಅದಕ್ಕಾಗಿ ಅಮೆರಿಕದ ಅಂಗಡಿಗಳು ಕಪಾಟಿನಿಂದ ಇಳಿಸಿರಲಿಲ್ಲ.

2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಕಾಯ್ದೆಯೊಂದನ್ನು ರದ್ದು ಮಾಡಿತು. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದು ಎಂಬ ಕಾಯ್ದೆ ಅದು. ಗೇಮ್ ಕೂಡ ಪುಸ್ತಕ, ನಾಟಕಗಳಂತೆ ಅಭಿವ್ಯಕ್ತಿಯೇ ಎಂದು ಬಹುಮತದ ತೀರ್ಪು ಹೇಳಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಒಂದು ಚುರುಕಾದ ಮಾತು ಎತ್ತಿದರು: ಹದಿಮೂರರ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಮಾರಿದರೆ ಅಪರಾಧ, ಅವನು ಒಬ್ಬ ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಕೊಂಡರೆ ಹಕ್ಕು, ಇದೆಂಥ ಲೆಕ್ಕ? ತೀರ್ಪಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಪ್ರಶ್ನೆಗೆ ಬಹುಮತದ ಕಡೆಯವರ ಬಳಿ ಒಪ್ಪುವಂಥ ಉತ್ತರವಿತ್ತು ಎಂದು ನನಗನ್ನಿಸುವುದಿಲ್ಲ.

ಮರುವರ್ಷ ಮಾಧ್ಯಮ ವಿಮರ್ಶಕಿ ಅನಿತಾ ಸರ್ಕೀಸಿಯನ್ ಚರ್ಚೆಯನ್ನು ಬೇರೆ ದಿಕ್ಕಿಗೆ ಎಳೆದರು. ಆಟಗಳಲ್ಲಿ ಹೆಣ್ಣು ಹೇಗೆ ಬರುತ್ತಾಳೆ ಎಂದು ವಿವರಿಸುವ ವಿಡಿಯೊ ಸರಣಿಗೆ ಜನರಿಂದ 6,000 ಡಾಲರ್ ಕೇಳಿದರು, ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು ಬಂತು. ಅವರು ನಿಷೇಧ ಕೇಳಲಿಲ್ಲ, ಕಥೆ ಹೆಣೆಯುವ ರೀತಿಯನ್ನು ತೋರಿಸಿದರು ಅಷ್ಟೆ. 1981ರ ‘ಡಾಂಕಿ ಕಾಂಗ್’, 1985ರ ‘ಸೂಪರ್ ಮಾರಿಯೊ’ದಿಂದ ಹಿಡಿದು ಹೆಣ್ಣು ಅಂದರೆ ಯಾರೋ ಕದ್ದೊಯ್ದ ವಸ್ತು, ಗಂಡಸು ಅಂದರೆ ಬಿಡಿಸಿ ತರುವವನು. ಸೀತೆಯ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನು ಅನ್ನಿಸಬಹುದು. ಆದರೆ ನಮ್ಮ ಸೀತೆ ಅಶೋಕವನದಲ್ಲಿ ಮಾತಾಡುತ್ತಾಳೆ, ಹನುಮನ ಹೆಗಲೇರಿ ಬರುವುದಿಲ್ಲ ಎನ್ನುತ್ತಾಳೆ. ಮಾರಿಯೊನ ರಾಜಕುಮಾರಿಗೆ ಆ ಭಾಗ್ಯವೂ ಇರಲಿಲ್ಲ. ಇಷ್ಟು ಹೇಳಿದ್ದಕ್ಕೆ ಸರ್ಕೀಸಿಯನ್ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಗೇಮ್ ಲೋಕದ ಹೆಂಗಸರನ್ನು ಗುರಿ ಮಾಡಿದ 2014ರ ‘ಗೇಮರ್‌ಗೇಟ್’ ಗಲಾಟೆಯ ಕಾಲದಲ್ಲಿ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಅವರ ಉಪನ್ಯಾಸ ಗುಂಡಿನ ದಾಳಿಯ ಬೆದರಿಕೆಯಿಂದ ರದ್ದಾಯಿತು. ಸೆನ್ಸಾರ್ ವಿರೋಧಿಗಳು ಎಂದು ಹೇಳಿಕೊಂಡವರೇ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ನಿಂತದ್ದು ಈ ಇತಿಹಾಸದ ಅತಿ ಕಟುವಾದ ವ್ಯಂಗ್ಯ.

ಇತ್ತ ನಮ್ಮ ಕಡೆ ಏನಾಗುತ್ತಿತ್ತು? ಇಪ್ಪತ್ತು ವರ್ಷದ ಹಿಂದೆ ಮಳವಳ್ಳಿ, ಮದ್ದೂರಿನಂಥ ಊರುಗಳ ಹುಡುಗರು ಗೇಮ್ ಕಂಡದ್ದು ಸೈಬರ್ ಸೆಂಟರಿನಲ್ಲಿ. ಗಂಟೆಗಿಷ್ಟು ಎಂದು ಕೊಟ್ಟು ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ‘ವೈಸ್ ಸಿಟಿ’ ಆಡುವುದು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಚೀಟ್ ಕೋಡುಗಳು, ಟ್ಯಾಂಕ್ ತರಿಸಲು ಒಂದು, ಪೊಲೀಸರನ್ನು ಓಡಿಸಲು ಇನ್ನೊಂದು. ಸಿ.ಡಿ. ನಕಲಿ, ಆದ್ದರಿಂದ ಡಬ್ಬವೂ ಇಲ್ಲ, ಡಬ್ಬದ ಮೇಲಿನ ವಯಸ್ಸಿನ ಗುರುತೂ ಇಲ್ಲ. ಕೇಂದ್ರ ಸರ್ಕಾರ 2011ರಲ್ಲಿ ಸೈಬರ್ ಕೆಫೆಗಳಿಗೆ ನಿಯಮ ಮಾಡಿತು. ಗುರುತಿನ ಚೀಟಿ ತೋರಿಸಬೇಕು, ಅಶ್ಲೀಲ ತಾಣ ತಡೆಯುವ ತಂತ್ರಾಂಶ ಹಾಕಬೇಕು, ಗಿರಾಕಿಗಳ ನಡುವಿನ ಮರೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಮರೆಯ ಹಲಗೆಯನ್ನು ಅಳೆದ ಸರ್ಕಾರಕ್ಕೆ ಪರದೆಯ ಮೇಲೆ ಏನು ಓಡುತ್ತಿದೆ ಎಂದು ನೋಡಲು ಪುರಸೊತ್ತಾಗಲಿಲ್ಲ. ಅಷ್ಟರಲ್ಲಿ ಹುಡುಗರ ಜೇಬಿಗೆ ಮೊಬೈಲ್ ಬಂತು, ನಾಲ್ಕೂವರೆ ಅಡಿಯ ಹಲಗೆ ಗುಜರಿಗೆ ಹೋಯಿತು.

ಸಿನಿಮಾಕ್ಕೆ 1952ರ ಕಾಯ್ದೆ ಇದೆ, ಬೆಂಗಳೂರಿನಲ್ಲಿ ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ. ಗೇಮಿಗೆ ಅಂಥದ್ದು ಇಲ್ಲ. ಇರಬೇಕಿತ್ತು ಎನ್ನುವವರು ಸಿನಿಮಾ ಮಂಡಳಿ ಮಾಡಿದ್ದನ್ನು ಒಮ್ಮೆ ನೋಡಬೇಕು. ಹೆಣ್ಣನ್ನು ಕೀಳಾಗಿ ತೋರಿಸುವ ದೃಶ್ಯ ಇರಬಾರದು ಎಂದು 1991ರ ಮಾರ್ಗಸೂಚಿಯಲ್ಲೇ ಬರೆದಿದೆ. ಆದರೂ ನಾಯಕಿಯ ಹಿಂದೆ ಬಿದ್ದು, ಕೈಹಿಡಿದೆಳೆದು, ಕೊನೆಗೆ ಒಲಿಸಿಕೊಳ್ಳುವ ನಾಯಕರು ನಮ್ಮ ಕನ್ನಡ ಪರದೆಯ ಮೇಲೆ ಕುಟುಂಬ ಸಮೇತ ನೋಡಿ ಎಂಬ ಸರ್ಟಿಫಿಕೇಟ್ ಸಮೇತ ರಾರಾಜಿಸಿದರು. ಮುತ್ತಿಗೆ ಕತ್ತರಿ, ಕಿರುಕುಳಕ್ಕೆ ಶಿಳ್ಳೆ. ಅದೇ ಮಂಡಳಿಗೆ ಗೇಮುಗಳನ್ನೂ ಒಪ್ಪಿಸಿದರೆ ಬೇರೆ ಏನಾದೀತು?

ಕಾನೂನೇ ಇಲ್ಲ ಎನ್ನುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಅಶ್ಲೀಲ ಸಾಮಗ್ರಿಯನ್ನು ಅಂತರ್ಜಾಲದಲ್ಲಿ ಹರಿಬಿಡುವುದನ್ನು ಅಪರಾಧ ಎನ್ನುತ್ತದೆ. ಸ್ತ್ರೀಯರ ಅಸಭ್ಯ ಚಿತ್ರಣ ತಡೆಯುವ 1986ರ ಕಾಯ್ದೆ ಜಾಹೀರಾತು, ಪುಸ್ತಕಗಳ ಕಾಲದ್ದು. ಅದನ್ನು ವಿದ್ಯುನ್ಮಾನ ಮಾಧ್ಯಮಕ್ಕೂ ಹಿಗ್ಗಿಸುವ ಮಸೂದೆ 2012ರಲ್ಲಿ ಬಂತು, ಕಾಯ್ದೆಯಾಗಲಿಲ್ಲ. ಹಾಗಾಗಿ ಗೇಮುಗಳ ಮೇಲೆ ಬಿದ್ದ ಕಡಿವಾಣವೆಲ್ಲ ಬೇರೆ ಕಾರಣಕ್ಕೆ. 2008ರಲ್ಲಿ ಮೈಕ್ರೋಸಾಫ್ಟ್ ಸಾಂಸ್ಕೃತಿಕ ಸೂಕ್ಷ್ಮತೆಯ ನೆಪ ಹೇಳಿ ‘ಫಾಲ್‌ಔಟ್ 3’ ಆಟವನ್ನು ಭಾರತದಲ್ಲಿ ಬಿಡುಗಡೆ ಮಾಡದೆ ತಾನೇ ಹಿಂದೆ ಸರಿಯಿತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಹೋದದ್ದು ಚೀನಾ ಗಡಿಯ ಸಂಘರ್ಷದ ನಂತರ 118 ಆ್ಯಪ್‌ಗಳ ಪಟ್ಟಿಯಲ್ಲಿ. ಮರುವರ್ಷ ಅದು ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು! ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವಂತೆ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ರಮ್ಮಿಗೆ ಸಾಲ ಮಾಡಿ ಮನೆ ಕಳೆದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ಅದರ ಅಗತ್ಯವನ್ನು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟೂ ವರ್ಷದ ಚರ್ಚೆಯಲ್ಲಿ ಆಡುವ ಹೆಣ್ಣುಮಗಳು ಎಲ್ಲಿಯೂ ಕಾಣುವುದಿಲ್ಲ.

ಕರ್ನಾಟಕ ಬರೀ ಆಡುವ ರಾಜ್ಯವಾಗಿದ್ದರೆ ಇದನ್ನು ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಾವು ತಯಾರಿಸುವವರೂ ಹೌದು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅದು ಮೊದಲು ಸ್ವೀಡನ್ನಿನ ಕಂಪನಿಯೊಂದರ ಪಾಲಾಯಿತು, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಕಚೇರಿಗೆ ಸೇರಿಸಿಕೊಂಡಿತು. ‘ಹಾಟ್ ಕಾಫಿ’ ಹಗರಣದ ಆಟ ತಯಾರಿಸಿದ ಅದೇ ರಾಕ್‌ಸ್ಟಾರ್. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ನೀತಿ ರೂಪಿಸಿದ ಮೊದಲ ರಾಜ್ಯವೂ ನಮ್ಮದೇ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024ರಿಂದ 2029ರ ನೀತಿ. ಆದ್ದರಿಂದ ರಾಕ್‌ಸ್ಟಾರ್ ಆಟಗಳ ಬೀದಿಯಲ್ಲಿ ಹೆಣ್ಣು ಹೇಗೆ ಕಾಣಿಸಿಕೊಳ್ಳುತ್ತಾಳೆ ಎಂಬುದು ನಮಗೆ ಸಂಬಂಧಿಸಿದ್ದಲ್ಲ ಎಂದು ಕೈಚೆಲ್ಲುವಂತಿಲ್ಲ.

ಕತ್ತರಿ ಹಿಡಿಯುವ ಮೊದಲು ಎರಡು ಆಟಗಳನ್ನು ನೋಡಬೇಕು. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ ‘ರಾಜಿ’ಯಲ್ಲಿ ಅಕ್ಕನೇ ತಮ್ಮನನ್ನು ರಾಕ್ಷಸರಿಂದ ಬಿಡಿಸಲು ಹೊರಡುತ್ತಾಳೆ. ಕದ್ದೊಯ್ಯಲ್ಪಟ್ಟವನು ಗಂಡು, ಹುಡುಕುವವಳು ಹೆಣ್ಣು. ಇನ್ನೊಂದು ಕೋಲ್ಕತ್ತದ ಕಲಾವಿದೆ ಲೀನಾ ಕೇಜ್ರಿವಾಲ್ ಅವರ 2016ರ ‘ಮಿಸ್ಸಿಂಗ್’. ಅದರಲ್ಲಿ ಆಡುವವರು ಮಾರಾಟವಾಗಿ ವೇಶ್ಯಾವಾಟಿಕೆಗೆ ಬಿದ್ದ ಹುಡುಗಿಯಾಗಿ ಆಡಬೇಕು, ತಪ್ಪಿಸಿಕೊಳ್ಳಲು ದಾರಿ ಹುಡುಕಬೇಕು. ವಿಷಯ ನೋಡಿ ನಿಷೇಧಿಸುವ ಮಂಡಳಿಯ ಮುಂದೆ ಮೊದಲು ಬೀಳುವುದು ಇಂಥ ಆಟವೇ. ಕಸ್ಟರನ ಆಟದಲ್ಲೂ ಇದರಲ್ಲೂ ಇರುವುದು ಹೆಣ್ಣಿನ ಮೇಲಿನ ಬಲಾತ್ಕಾರ. ಒಂದರಲ್ಲಿ ಅಂಕ ಸಿಗುವುದು ಮಾಡಿದವನಿಗೆ, ಇನ್ನೊಂದರಲ್ಲಿ ಆಡುವವರು ನಿಂತಿರುವುದು ಅನುಭವಿಸಿದವಳ ಜಾಗದಲ್ಲಿ. ಪಟ್ಟಿ ಹಿಡಿದು ಟಿಕ್ ಮಾಡುವ ಗುಮಾಸ್ತನಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ.

ಇದು ಬರೀ ಊಹೆಯಲ್ಲ. 2025ರ ಜುಲೈನಲ್ಲಿ ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಎಂಬ ಸಂಘಟನೆ ಅತ್ಯಾಚಾರದ ಆಟಗಳ ವಿರುದ್ಧ ನೇರವಾಗಿ ಹಣ ಪಾವತಿಯ ಕಂಪನಿಗಳಿಗೆ ದೂರು ಕೊಟ್ಟಿತು. ಕಾರ್ಡ್ ಕಂಪನಿಗಳ ಒತ್ತಡಕ್ಕೆ ಆಟ ಮಾರುವ ಜಾಲತಾಣ ಸ್ಟೀಮ್ ಹಲವು ಆಟಗಳನ್ನು ತೆಗೆಯಿತು, ಅಂಥದ್ದೇ ತಾಣ ಇಚ್.ಐಒ ವಯಸ್ಕರ ಆಟಗಳನ್ನೆಲ್ಲ ಸಾರಾಸಗಟಾಗಿ ಹುಡುಕಾಟದಿಂದ ಮರೆಮಾಡಿತು. ದೂರಿಗೆ ಕಾರಣವಾದ ಕೆಲವು ಆಟಗಳು ನಿಜಕ್ಕೂ ಹೇಸಿಗೆ ಹುಟ್ಟಿಸುವಂಥವು. ಅವುಗಳ ಜೊತೆಗೆ ಹೆಂಗಸರೇ ತಮ್ಮ ಅನುಭವ ಕುರಿತು ಕಟ್ಟಿದ ಪುಟ್ಟ ಆಟಗಳೂ ಕೊಚ್ಚಿಹೋದವು. ಕೋರ್ಟಿಲ್ಲ, ವಾದವಿಲ್ಲ, ಮೇಲ್ಮನವಿ ಇಲ್ಲ. ಸರ್ಕಾರದ ಸೆನ್ಸಾರಿಗಾದರೂ ಒಂದು ವಿಳಾಸವಿರುತ್ತದೆ.

ಇಷ್ಟಕ್ಕೂ ಇವತ್ತು ನಮ್ಮೂರಿನ ಹುಡುಗಿಗೆ ಎದುರಾಗುವ ತೊಂದರೆ ಆಟದ ಚಿತ್ರದಲ್ಲಿಲ್ಲ, ಮೈಕಿನಲ್ಲಿದೆ. ಅಪರಿಚಿತರ ಜೊತೆ ತಂಡ ಕಟ್ಟಿ ಆಡುವಾಗ ಅವಳ ದನಿ ಕೇಳಿದ ಕೂಡಲೇ ಆಟ ನಿಂತು ವಿಚಾರಣೆ ಶುರು. ಯಾವೂರು, ನಂಬರ್ ಕೊಡು, ಅಡುಗೆ ಬರುತ್ತಾ. ಸೋತರೆ ಅವ್ವ, ಅಕ್ಕಂದಿರ ಮೇಲಿನ ಬೈಗುಳ, ಅದೂ ಅಚ್ಚ ಕನ್ನಡದಲ್ಲಿ. ಅದಕ್ಕೇ ಹಲವರು ಗಂಡು ಹೆಸರಿಟ್ಟುಕೊಂಡು ಮೈಕ್ ಆರಿಸಿ ಆಡುತ್ತಾರೆ. ವಯೋಮಿತಿಯ ಗುರುತು ಇದನ್ನು ಅಳೆಯುವುದು ಅಪರೂಪ. ಆನ್‌ಲೈನ್ ಸಂಭಾಷಣೆ ನಮ್ಮ ಲೆಕ್ಕಕ್ಕೆ ಸೇರಿಲ್ಲ ಎಂದು ಇಎಸ್‌ಆರ್‌ಬಿ ಸ್ಪಷ್ಟವಾಗಿಯೇ ಬರೆಯುತ್ತದೆ. ಬರೆದ ಮಾತಿನಲ್ಲಾದರೆ ಇಂಗ್ಲಿಷ್ ಬೈಗುಳಕ್ಕೆ ನಕ್ಷತ್ರ ಚಿಹ್ನೆ ಬೀಳುತ್ತದೆ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದ್ದು ಸಲೀಸಾಗಿ ನುಸುಳುತ್ತದೆ.

ಮಾತಿನಿಂದ ಹೆಣ್ಣಿನ ಮಾನಕ್ಕೆ ಧಕ್ಕೆ ತರುವುದು ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. ಆದರೆ ಆಟದಲ್ಲಿ ಯಾವನೋ ಬೈದ ಎಂದು ಹಲಗೂರಿನ ಹುಡುಗಿ ಠಾಣೆಯ ಮೆಟ್ಟಿಲು ಹತ್ತಿದರೆ, ನೀನ್ಯಾಕಮ್ಮ ಅದನ್ನು ಆಡೋಕೆ ಹೋದೆ ಎಂಬ ಪ್ರಶ್ನೆಯನ್ನು ಮೊದಲು ಎದುರಿಸಬೇಕಾಗುತ್ತದೆ. ಆದ್ದರಿಂದ ಹೊಸ ಸೆನ್ಸಾರ್ ಮಂಡಳಿಗಿಂತ ಮೊದಲು ಆಗಬಹುದಾದ ಕೆಲಸವೊಂದು ರಾಜ್ಯದ ಕೈಯಲ್ಲೇ ಇದೆ. ಗೇಮಿಂಗ್ ನೀತಿಯಡಿ ಕಂಪನಿಗಳಿಗೆ ಪ್ರೋತ್ಸಾಹಧನ, ರಿಯಾಯಿತಿ ಕೊಡುವಾಗ ಎರಡು ಷರತ್ತು ಹಾಕಬಹುದು: ದೂರು ಕೊಡುವ ಗುಂಡಿ ಕನ್ನಡದಲ್ಲಿರಬೇಕು, ಆ ದೂರನ್ನು ಓದುವವರಲ್ಲಿ ಮಂಡ್ಯದ ಬೈಗುಳ ಅರ್ಥವಾಗುವ ಒಬ್ಬರಾದರೂ ಇರಬೇಕು. ಬೆಂಗಳೂರಿನಲ್ಲಿ ಇಷ್ಟು ಗೇಮ್ ಕಂಪನಿಗಳಿರುವಾಗ ಆ ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಯಾರೂ ಹೇಳಲಾರರು.