ಅಗ್ಗದ ಬೆಲೆಯ ವಿಡಿಯೋ ಆಟಗಳು

ಅಗ್ಗದ ಬೆಲೆಯ ವಿಡಿಯೋ ಆಟಗಳು ಎಂದರೆ, ಆಯಾ ಕಾಲದ ಮಾರುಕಟ್ಟೆಯಲ್ಲಿ ಹೊಸ ಆಟವೊಂದಕ್ಕೆ ರೂಢಿಯಲ್ಲಿರುವ ಪೂರ್ಣ ಬೆಲೆಗಿಂತ ಬಹಳ ಕಡಿಮೆ ಬೆಲೆಗೆ ದೊರೆಯುವ ಕಂಪ್ಯೂಟರ್, ಕನ್ಸೋಲ್ ಅಥವಾ ಮೊಬೈಲ್ ಆಟಗಳು. ಕನ್ನಡ ಪುಸ್ತಕ ಲೋಕದಲ್ಲಿ ‘ಸುಲಭ ಬೆಲೆಯ ಆವೃತ್ತಿ’ ಎಂದು ಕರೆಯುವುದಕ್ಕೆ ಇದು ಸಮೀಪದ ಕಲ್ಪನೆ. ವ್ಯವಸ್ಥಿತ ವ್ಯಾಪಾರವಾಗಿ ಇದು 1980ರ ದಶಕದ ಬ್ರಿಟನ್ನಿನಲ್ಲಿ, ಕ್ಯಾಸೆಟ್ಟುಗಳಲ್ಲಿ ಮಾರಾಟವಾಗುತ್ತಿದ್ದ ಆಟಗಳಿಂದ ಬೆಳೆಯಿತು. ಮುಂದೆ ಜಪಾನ್, ಅಮೆರಿಕ ಮತ್ತು ಯುರೋಪಿನ ಕನ್ಸೋಲ್ ಮಾರುಕಟ್ಟೆಗೂ, 2000ದ ದಶಕದ ಬಳಿಕ ಅಂತರಜಾಲ ಮಳಿಗೆಗಳಿಗೂ ಹರಡಿತು.

ಕಡಿಮೆ ಬೆಲೆಯ ಆಟ ಕಳಪೆಯಾಗಿರಲೇಬೇಕು ಎಂಬ ಗ್ರಹಿಕೆ ಸಾಮಾನ್ಯವಾಗಿದ್ದರೂ, ಈ ಕ್ಷೇತ್ರದ ಇತಿಹಾಸ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಬೆಲೆ ಇಳಿದದ್ದು ಆಟವನ್ನು ಕೊಳ್ಳುವವರ ಕೈಗೆ ತಲುಪಿಸುವ ಮಾರ್ಗ ಬದಲಾದುದರಿಂದ. ಮಾರ್ಗ ಬದಲಾದಾಗಲೆಲ್ಲ ಹೊಸ ರಚನಕಾರರು ಮುಂದೆ ಬಂದಿದ್ದಾರೆ. ಅವರ ದುಡಿಮೆಗೆ ತಕ್ಕ ಪ್ರತಿಫಲ ಸಿಗುತ್ತಿದೆಯೇ ಎಂಬ ಪ್ರಶ್ನೆಯೂ ಜೊತೆಯಲ್ಲೇ ಎದ್ದಿದೆ.

ಸ್ವರೂಪ ಮತ್ತು ಬಗೆಗಳು

‘ಅಗ್ಗ’ ಎಂಬುದು ಸಾಪೇಕ್ಷ ಪದ. 1980ರ ದಶಕದ ಮಧ್ಯಭಾಗದ ಬ್ರಿಟನ್ನಿನಲ್ಲಿ ಹೊಸ ಆಟದ ಕ್ಯಾಸೆಟ್ಟಿಗೆ ಸುಮಾರು ಏಳರಿಂದ ಹತ್ತು ಪೌಂಡ್ ಬೆಲೆಯಿದ್ದಾಗ, 1.99 ಪೌಂಡಿನ ಆಟ ಅಗ್ಗದ್ದೆನಿಸಿತು. 2020ರಿಂದೀಚೆಗೆ ದೊಡ್ಡ ಸಂಸ್ಥೆಗಳ ಹಲವು ಹೊಸ ಆಟಗಳ ಬೆಲೆ ಅಮೆರಿಕದಲ್ಲಿ 60 ಡಾಲರಿನಿಂದ 70 ಡಾಲರಿಗೆ ಏರಿದ್ದು, ಅದಕ್ಕೆ ಹೋಲಿಸಿದರೆ 15 ಡಾಲರಿನ ಆಟ ಅಗ್ಗದ್ದಾಗಿದೆ. ಇಂತಹ ಆಟಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು:

• ಮೂಲದಲ್ಲೇ ಕಡಿಮೆ ಬೆಲೆಗೆಂದು ರಚಿತವಾದ ಆಟಗಳು.
• ಪೂರ್ಣ ಬೆಲೆಗೆ ಮಾರಾಟವಾಗಿ, ಕೆಲಕಾಲದ ಅನಂತರ ಕಡಿಮೆ ಬೆಲೆಗೆ ಮರುಬಿಡುಗಡೆಯಾದ ಆಟಗಳು.
• ಅಂತರಜಾಲ ಮಳಿಗೆಗಳ ರಿಯಾಯಿತಿ ಮಾರಾಟದಲ್ಲಿ ಸೀಮಿತ ಅವಧಿಗೆ ಬೆಲೆ ಇಳಿಸಿದ ಆಟಗಳು.
• ಹಲವನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ನೀಡುವ ಆಟಗಳ ಕಟ್ಟುಗಳು.

ಇತಿಹಾಸ

ಬ್ರಿಟನ್ನಿನ ಕ್ಯಾಸೆಟ್ ಯುಗ

1982ರಲ್ಲಿ ಜ಼ೆಡ್‌ಎಕ್ಸ್ ಸ್ಪೆಕ್ಟ್ರಮ್ ಮತ್ತು ಕೊಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರುಗಳು ಬಂದವು. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಸಾಮಾನ್ಯ ಕುಟುಂಬಗಳಲ್ಲಿಯೂ ಕಂಪ್ಯೂಟರ್ ಕಾಣಿಸಿಕೊಂಡಿತು. ಇವುಗಳ ಆಟಗಳು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ಬರುತ್ತಿದ್ದವು. ಕ್ಯಾಸೆಟ್ಟಿನ ಪ್ರತಿ ತೆಗೆಯುವ ಖರ್ಚು ಬಹಳ ಕಡಿಮೆ. ಆದರೆ ಪೂರ್ಣ ಬೆಲೆಯ ಆಟವನ್ನು ಕೊಳ್ಳುವುದು ಶಾಲಾ ಮಕ್ಕಳ ಕೈಖರ್ಚಿನ ಹಣಕ್ಕೆ ನಿಲುಕುತ್ತಿರಲಿಲ್ಲ. ಗೆಳೆಯರಲ್ಲಿರುವ ಕ್ಯಾಸೆಟ್ಟನ್ನು ಎರಡು ಟೇಪ್ ರೆಕಾರ್ಡರುಗಳ ನೆರವಿನಿಂದ ನಕಲು ಮಾಡಿಕೊಳ್ಳುವುದು ಇದರಿಂದಾಗಿ ವ್ಯಾಪಕವಾಗಿತ್ತು.

1983ರಲ್ಲಿ ಮಾರ್ಟಿನ್ ಆಲ್ಪರ್, ಫ್ರಾಂಕ್ ಹರ್ಮನ್ ಮತ್ತು ಆಲನ್ ಶಾರಮ್ ಸ್ಥಾಪಿಸಿದ ಮಾಸ್ಟರ್‌ಟ್ರಾನಿಕ್ ಸಂಸ್ಥೆ ಈ ಪರಿಸ್ಥಿತಿಯನ್ನು ಬಳಸಿಕೊಂಡಿತು. ಸಂಸ್ಥೆಯು 1984ರಿಂದ 1.99 ಪೌಂಡಿಗೆ ಆಟಗಳನ್ನು ಮಾರತೊಡಗಿತು. ಕಂಪ್ಯೂಟರ್ ಅಂಗಡಿಗಳನ್ನಷ್ಟೇ ನೆಚ್ಚಿಕೊಳ್ಳದೆ, ದಿನಪತ್ರಿಕೆ ಮಾರುವ ಅಂಗಡಿ, ಪೆಟ್ರೋಲ್ ಬಂಕ್ ಮುಂತಾದ ಕಡೆಗಳಲ್ಲಿಯೂ ತನ್ನ ಕ್ಯಾಸೆಟ್ಟುಗಳನ್ನು ಇಡುವ ವ್ಯವಸ್ಥೆ ಮಾಡಿತು. ಪ್ರತಿಯೊಂದು ಆಟದ ಮೇಲಿನ ಲಾಭ ಸಣ್ಣದಾಗಿದ್ದರೂ ಮಾರಾಟದ ಸಂಖ್ಯೆ ದೊಡ್ಡದಾಗಿದ್ದುದರಿಂದ ವ್ಯಾಪಾರ ನಿಂತಿತು. ಸ್ವಲ್ಪ ವಿಸ್ತಾರವಾದ ಆಟಗಳಿಗಾಗಿ ಸಂಸ್ಥೆಯು 2.99 ಪೌಂಡಿನ ಮತ್ತೊಂದು ಶ್ರೇಣಿಯನ್ನೂ ಹೊರತಂದಿತು.

ಬ್ರಿಟಿಷ್ ಟೆಲಿಕಾಂ ಸಂಸ್ಥೆ 1984ರಲ್ಲಿ ಫೈರ್‌ಬರ್ಡ್ ಎಂಬ ಹೆಸರಿನಲ್ಲಿ ಇದೇ ಕ್ಷೇತ್ರವನ್ನು ಪ್ರವೇಶಿಸಿತು. ಹದಿಹರೆಯದಲ್ಲಿಯೇ ಮಾಸ್ಟರ್‌ಟ್ರಾನಿಕ್‌ಗಾಗಿ ಆಟಗಳನ್ನು ರಚಿಸಿದ್ದ ರಿಚರ್ಡ್ ಮತ್ತು ಡೇವಿಡ್ ಡಾರ್ಲಿಂಗ್ ಸಹೋದರರು 1986ರಲ್ಲಿ ಕೋಡ್‌ಮಾಸ್ಟರ್ಸ್ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಮಕ್ಕಳ ಸೈಕಲ್ ಸ್ಪರ್ಧೆಯ ‘ಬಿಎಂಎಕ್ಸ್ ಸಿಮ್ಯುಲೇಟರ್’ ಈ ಸಂಸ್ಥೆಯ ಮೊದಮೊದಲ ಆಟಗಳಲ್ಲೊಂದು.

ಇತರ ಪ್ರಕಾಶಕರು ತಮ್ಮ ಹಳೆಯ ಯಶಸ್ವಿ ಆಟಗಳನ್ನು ಅಗ್ಗದ ಬೆಲೆಗೆ ಮರಳಿ ತರಲು ಪ್ರತ್ಯೇಕ ಶ್ರೇಣಿಗಳನ್ನು ತೆರೆದರು. ಓಷನ್ ಸಂಸ್ಥೆಯ ‘ದಿ ಹಿಟ್ ಸ್ಕ್ವಾಡ್’ ಮತ್ತು ಯುಎಸ್ ಗೋಲ್ಡ್ ಸಂಸ್ಥೆಯ ‘ಕಿಕ್ಸ್’ ಇಂತಹವು. ಒಂದು ಕಾಲಕ್ಕೆ ಪೂರ್ಣ ಬೆಲೆಗೆ ಮಾರಾಟವಾದ ಪ್ರಸಿದ್ಧ ಆಟವೇ ಅಗ್ಗದ ಬೆಲೆಗೆ ಸಿಗತೊಡಗಿದಾಗ, ಕಡಿಮೆ ಬೆಲೆಗೆಂದೇ ರಚಿತವಾದ ಹೊಸ ಆಟಗಳು ಕಠಿಣ ಸ್ಪರ್ಧೆಯನ್ನು ಎದುರಿಸಬೇಕಾಯಿತು. ಕಂಪ್ಯೂಟರ್ ಪತ್ರಿಕೆಗಳು ಮುಖಪುಟಕ್ಕೆ ಅಂಟಿಸಿ ಉಚಿತವಾಗಿ ಕೊಡುತ್ತಿದ್ದ ಕ್ಯಾಸೆಟ್ಟುಗಳೂ ಈ ಸ್ಪರ್ಧೆಯನ್ನು ಹೆಚ್ಚಿಸಿದವು. ಮಾಸ್ಟರ್‌ಟ್ರಾನಿಕ್ 1980ರ ದಶಕದ ಕೊನೆಯ ಭಾಗದಲ್ಲಿ ವರ್ಜಿನ್ ಸಮೂಹದ ಪಾಲಾಯಿತು. 1991ರಲ್ಲಿ ಜಪಾನಿನ ಸೆಗಾ ಅದನ್ನು ಕೊಂಡು, ತನ್ನ ಯುರೋಪಿನ ಶಾಖೆಯನ್ನಾಗಿ ರೂಪಿಸಿತು.

ಕನ್ಸೋಲ್‌ಗಳ ಕಾಲ

ಕನ್ಸೋಲ್ ಆಟಗಳು ದೀರ್ಘಕಾಲ ಚಿಪ್ಪುಗಳಿರುವ ಕಾರ್ಟ್ರಿಡ್ಜ್ ರೂಪದಲ್ಲಿ ಬರುತ್ತಿದ್ದವು. ಅವುಗಳ ತಯಾರಿಕೆಯೇ ದುಬಾರಿಯಾದುದರಿಂದ ಬೆಲೆ ಇಳಿಸಲು ಹೆಚ್ಚು ಅವಕಾಶವಿರಲಿಲ್ಲ. 1990ರ ದಶಕದಲ್ಲಿ ಸೋನಿಯ ಪ್ಲೇಸ್ಟೇಷನ್ ಕಾಂಪ್ಯಾಕ್ಟ್ ಡಿಸ್ಕುಗಳನ್ನು ಬಳಸಿದಾಗ ತಯಾರಿಕೆಯ ಖರ್ಚು ಬಹುಮಟ್ಟಿಗೆ ತಗ್ಗಿತು. ಚೆನ್ನಾಗಿ ಮಾರಾಟವಾದ ಆಟಗಳನ್ನು ಕಡಿಮೆ ಬೆಲೆಗೆ ಮರಳಿ ತರುವ ಶ್ರೇಣಿಗಳನ್ನು ಸೋನಿ ಆರಂಭಿಸಿತು. ಅಮೆರಿಕದಲ್ಲಿ ಅದಕ್ಕೆ ‘ಗ್ರೇಟೆಸ್ಟ್ ಹಿಟ್ಸ್’ ಎಂದೂ ಯುರೋಪಿನಲ್ಲಿ ‘ಪ್ಲಾಟಿನಮ್’ ಎಂದೂ ಹೆಸರು. ನಿಂಟೆಂಡೊ ‘ಪ್ಲೇಯರ್ಸ್ ಚಾಯ್ಸ್’ ಎಂಬ ಶ್ರೇಣಿಯನ್ನು ನಡೆಸಿತು.

ಜಪಾನಿನ ಡಿ3 ಪಬ್ಲಿಷರ್ ಸಂಸ್ಥೆ 1998ರಲ್ಲಿ ಆರಂಭಿಸಿದ ‘ಸಿಂಪಲ್ 1500’ ಮಾಲಿಕೆಯ ಉದ್ದೇಶ ಬೇರೆ. ಹೆಸರೇ ಸೂಚಿಸುವಂತೆ ಪ್ರತಿ ಆಟದ ಬೆಲೆ 1500 ಯೆನ್. ಇವು ಹಳೆಯ ಆಟಗಳ ಮರುಬಿಡುಗಡೆಗಳಲ್ಲ, ಒಂದೊಂದು ಆಟದ ಪ್ರಕಾರವನ್ನು ಸರಳವಾಗಿ ನಿರೂಪಿಸುವ ಹೊಸ ರಚನೆಗಳು. ಮುಂದೆ ಪ್ಲೇಸ್ಟೇಷನ್ 2ಕ್ಕಾಗಿ ಬಂದ ‘ಸಿಂಪಲ್ 2000’ ಮಾಲಿಕೆಯಲ್ಲಿ, 2003ರಲ್ಲಿ, ಸ್ಯಾಂಡ್‌ಲಾಟ್ ಸಂಸ್ಥೆ ರಚಿಸಿದ ದೈತ್ಯ ಕೀಟಗಳ ವಿರುದ್ಧದ ಯುದ್ಧದ ಆಟವೊಂದು ಪ್ರಕಟವಾಯಿತು. ಅದೇ ಮುಂದೆ ‘ಅರ್ತ್ ಡಿಫೆನ್ಸ್ ಫೋರ್ಸ್’ ಎಂಬ ಹೆಸರಿನಲ್ಲಿ ಪೂರ್ಣ ಬೆಲೆಯ ಪ್ರಸಿದ್ಧ ಸರಣಿಯಾಗಿ ಬೆಳೆಯಿತು.

ಅಂತರಜಾಲ ಮಾರಾಟ

ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ ಸ್ಟೀಮ್, ಕೆಲವೇ ವರ್ಷಗಳಲ್ಲಿ ಇತರ ಸಂಸ್ಥೆಗಳ ಆಟಗಳನ್ನೂ ಡೌನ್‌ಲೋಡ್ ರೂಪದಲ್ಲಿ ಮಾರುವ ಮಳಿಗೆಯಾಯಿತು. ಡಿಸ್ಕ್, ಪೆಟ್ಟಿಗೆ, ಸಾಗಾಣಿಕೆ, ಗೋದಾಮು ಇವು ಯಾವುವೂ ಇಲ್ಲದಿರುವುದರಿಂದ ಇನ್ನೊಂದು ಪ್ರತಿಯನ್ನು ಮಾರಲು ತಗಲುವ ಖರ್ಚು ನಗಣ್ಯವಾಯಿತು. ಬೇಸಿಗೆ ಹಾಗೂ ಚಳಿಗಾಲದ ರಿಯಾಯಿತಿ ಮಾರಾಟಗಳು ಕ್ರಮೇಣ ರೂಢಿಗೆ ಬಂದವು. ಕೆಲವು ವರ್ಷ ಹಳೆಯದಾದ ಆಟಗಳು ಮೂಲ ಬೆಲೆಯ ಅರ್ಧಕ್ಕೂ ಅದಕ್ಕಿಂತ ಕಡಿಮೆಗೂ ಸಿಗುವುದು ಇಂತಹ ಸಂದರ್ಭಗಳಲ್ಲಿ ಸಾಮಾನ್ಯ.

2010ರ ಮೇ ತಿಂಗಳಿನಲ್ಲಿ ಬಂದ ‘ಹಂಬಲ್ ಇಂಡೀ ಬಂಡಲ್’ ಎಂಬ ಆಟಗಳ ಕಟ್ಟಿಗೆ ಕೊಳ್ಳುವವರೇ ತಮಗೆ ತೋಚಿದ ಬೆಲೆ ಕೊಡಬಹುದಾಗಿತ್ತು. ಕೊಟ್ಟ ಹಣವನ್ನು ರಚನಕಾರರು ಮತ್ತು ಸೇವಾಸಂಸ್ಥೆಗಳ ನಡುವೆ ಹೇಗೆ ಹಂಚಬೇಕೆಂಬುದನ್ನೂ ಅವರೇ ನಿರ್ಧರಿಸಬಹುದಾಗಿತ್ತು. ‘ವರ್ಲ್ಡ್ ಆಫ್ ಗೂ’ ಮೊದಲಾದ ಆಟಗಳಿದ್ದ ಈ ಕಟ್ಟು ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಸಂಗ್ರಹಿಸಿತು.

ಗಮನಾರ್ಹ ಆಟಗಳು

ಕ್ಯಾಸೆಟ್ ಯುಗದ ಆಟಗಳು

• ಕಿಕ್‌ಸ್ಟಾರ್ಟ್ (1985): ಶಾನ್ ಸದರ್ನ್ ರಚಿಸಿದ ಮೋಟಾರ್ ಸೈಕಲ್ ಆಟ. ಪರದೆಯನ್ನು ಎರಡಾಗಿ ಸೀಳಿ ಇಬ್ಬರು ಏಕಕಾಲಕ್ಕೆ ಅಡೆತಡೆಗಳ ಮೇಲೆ ಬೈಕ್ ಓಡಿಸುವ ಅವಕಾಶವಿತ್ತು. ವೇಗಕ್ಕಿಂತ ಹೆಚ್ಚಾಗಿ, ಎಲ್ಲಿ ನಿಧಾನಿಸಬೇಕೆಂಬ ತಿಳಿವಳಿಕೆ ಇಲ್ಲಿ ಮುಖ್ಯ.

• ಸ್ಪೆಲ್‌ಬೌಂಡ್ (1985): ಡೇವಿಡ್ ಜೋನ್ಸ್ ರಚಿಸಿದ, ಮಾಂತ್ರಿಕ ಯೋಧನೊಬ್ಬನ ಸಾಹಸಗಳ ಎರಡನೆಯ ಆಟ. ಆಜ್ಞೆಗಳನ್ನು ಬೆರಳಚ್ಚಿಸುವ ಬದಲು ಪರದೆಯ ಮೇಲೆ ತೆರೆದುಕೊಳ್ಳುವ ಪಟ್ಟಿಗಳಿಂದ ಆರಿಸುವ ವಿಧಾನವನ್ನು ಇದು ಬಳಸಿತು. ಬೆಲೆ 2.99 ಪೌಂಡ್.

• ಥ್ರಸ್ಟ್ (1986): ಜೆರೆಮಿ ಸ್ಮಿತ್ ರಚನೆ, ಫೈರ್‌ಬರ್ಡ್ ಪ್ರಕಟಿಸಿದ ಕೊಮೊಡೋರ್ 64 ಆವೃತ್ತಿಗೆ ರಾಬ್ ಹಬ್ಬರ್ಡ್ ಸಂಗೀತ ನೀಡಿದ್ದಾರೆ. ಗುರುತ್ವಾಕರ್ಷಣೆಯ ಎಳೆತವನ್ನು ಮೀರಿ ಸಣ್ಣ ನೌಕೆಯನ್ನು ನಡೆಸಿ, ಭಾರವಾದ ಗೋಳವೊಂದನ್ನು ಕಟ್ಟಿಕೊಂಡು ಮೇಲೇರಬೇಕು. ತೂಗಾಡುವ ಗೋಳ ನೌಕೆಯನ್ನೇ ದಾರಿ ತಪ್ಪಿಸುತ್ತದೆ. ಭೌತಶಾಸ್ತ್ರದ ಜಡತ್ವದ ನಿಯಮವನ್ನೇ ಆಟವಾಗಿಸಿದ ರಚನೆಯಿದು.

• ಡಿಜ್ಜಿ (1987): ಅವಳಿ ಸಹೋದರರಾದ ಫಿಲಿಪ್ ಮತ್ತು ಆಂಡ್ರ್ಯೂ ಆಲಿವರ್ ಅವರ ರಚನೆ. ನಾಯಕ ಕೈಕಾಲುಗಳುಳ್ಳ ಒಂದು ಮೊಟ್ಟೆ. ಸಿಕ್ಕ ವಸ್ತುಗಳನ್ನು ತಕ್ಕ ಸ್ಥಳದಲ್ಲಿ ಬಳಸಿ ಒಗಟು ಬಿಡಿಸುವ ಈ ಆಟ ಕೋಡ್‌ಮಾಸ್ಟರ್ಸ್‌ನ ದೀರ್ಘ ಸರಣಿಗೆ ನಾಂದಿಯಾಯಿತು.

ಅಂತರಜಾಲ ಯುಗದ ಆಟಗಳು

• ಟೆರೇರಿಯಾ (2011): ರೀ-ಲಾಜಿಕ್ ಸಂಸ್ಥೆಯ, ನೆಲ ಅಗೆದು ಕಟ್ಟುವ ಮತ್ತು ಅನ್ವೇಷಿಸುವ ಆಟ. ಸುಮಾರು ಹತ್ತು ಡಾಲರಿಗೆ ಬಿಡುಗಡೆಯಾಗಿ, ಬಳಿಕ ಅನೇಕ ವರ್ಷಗಳವರೆಗೆ ಉಚಿತ ನವೀಕರಣಗಳನ್ನು ಪಡೆಯಿತು.

• ಅಂಡರ್‌ಟೇಲ್ (2015): ಟೋಬಿ ಫಾಕ್ಸ್ ರಚನೆ. ಎದುರಾಳಿಗಳನ್ನು ಕೊಲ್ಲದೆ, ಮಾತು ಮತ್ತು ಕರುಣೆಯಿಂದ ಒಲಿಸಿಕೊಂಡೇ ಆಟವನ್ನು ಮುಗಿಸಬಹುದು. ಆಟಗಾರ ಮಾಡಿದ ಆಯ್ಕೆಗಳಿಗೆ ತಕ್ಕಂತೆ ಕಥೆಯ ಅಂತ್ಯ ಬದಲಾಗುತ್ತದೆ.

• ಸ್ಟಾರ್‌ಡ್ಯೂ ವ್ಯಾಲಿ (2016): ಎರಿಕ್ ಬರೋನ್ ಎಂಬ ಒಬ್ಬರೇ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ದುಡಿದು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾವೇ ರಚಿಸಿದ ಬೇಸಾಯದ ಆಟ. ನಗರದ ನೌಕರಿ ಬಿಟ್ಟು ಅಜ್ಜನ ಹೊಲಕ್ಕೆ ಮರಳಿದ ವ್ಯಕ್ತಿ ಋತುಮಾನಕ್ಕೆ ತಕ್ಕ ಬೆಳೆ ಬೆಳೆಯುತ್ತ ಊರವರ ಸ್ನೇಹ ಗಳಿಸುವುದು ಇದರ ವಸ್ತು. ಬಿಡುಗಡೆಯ ಬೆಲೆ 14.99 ಡಾಲರ್, 2024ರ ವೇಳೆಗೆ ಮೂರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

• ಹಾಲೋ ನೈಟ್ (2017): ಆಸ್ಟ್ರೇಲಿಯದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡದ ಕೃತಿ. ನೆಲದಡಿಯ ಪಾಳುಬಿದ್ದ ಕೀಟಗಳ ರಾಜ್ಯವನ್ನು ಅನ್ವೇಷಿಸುವ ಆಟ. ಸಾರ್ವಜನಿಕರಿಂದ ಅಂತರಜಾಲದ ಮೂಲಕ ಸಂಗ್ರಹಿಸಿದ ಹಣದಿಂದ ಕೆಲಸ ಮುಂದುವರಿದು, 14.99 ಡಾಲರಿಗೆ ಬಿಡುಗಡೆಯಾಯಿತು. ಇದರ ಮುಂದಿನ ಕೃತಿ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರಿನಲ್ಲಿ 19.99 ಡಾಲರಿಗೆ ಪ್ರಕಟವಾಯಿತು. ಕೊಳ್ಳುವವರ ನೂಕುನುಗ್ಗಲಿನಿಂದ ಬಿಡುಗಡೆಯ ದಿನ ಅಂತರಜಾಲ ಮಳಿಗೆಗಳೇ ತಡವರಿಸಿದವು.

• ವ್ಯಾಂಪೈರ್ ಸರ್ವೈವರ್ಸ್ (2022): ಇಟಲಿ ಮೂಲದ ಲೂಕಾ ಗಲಾಂಟೆ ರಚನೆ. 2021ರ ಡಿಸೆಂಬರಿನಲ್ಲಿ ಅಪೂರ್ಣ ರೂಪದಲ್ಲಿ 2.99 ಡಾಲರಿಗೆ ಬಂದು, ಪೂರ್ಣಗೊಂಡಾಗ 4.99 ಡಾಲರ್ ಬೆಲೆ ಪಡೆಯಿತು. 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಆಟಗಳ ಪ್ರಶಸ್ತಿಯಲ್ಲಿ, ಭಾರಿ ವೆಚ್ಚದ ‘ಎಲ್ಡನ್ ರಿಂಗ್’ ಮತ್ತು ‘ಗಾಡ್ ಆಫ್ ವಾರ್ ರಾಗ್ನರಾಕ್’ ಆಟಗಳನ್ನು ಹಿಂದಿಕ್ಕಿ ವರ್ಷದ ಅತ್ಯುತ್ತಮ ಆಟವೆಂಬ ಗೌರವಕ್ಕೆ ಪಾತ್ರವಾಯಿತು.

ಭಾರತದಲ್ಲಿ

ಭಾರತದಲ್ಲಿ ಅಧಿಕೃತ ಆಟಗಳ ಬೆಲೆ ಬಹುಕಾಲ ಸಾಮಾನ್ಯ ಕುಟುಂಬಗಳಿಗೆ ಎಟುಕದಂತಿದ್ದು, ನಕಲಿ ಡಿಸ್ಕುಗಳ ಮೂಲಕವೇ ಅನೇಕರಿಗೆ ಕಂಪ್ಯೂಟರ್ ಆಟಗಳ ಪರಿಚಯವಾಯಿತು. ಸ್ಟೀಮ್ 2015ರಲ್ಲಿ ರೂಪಾಯಿಯಲ್ಲಿ ವ್ಯವಹರಿಸಲು ಆರಂಭಿಸಿದುದು ಈ ದೃಷ್ಟಿಯಿಂದ ಮಹತ್ವದ್ದು. ಪ್ರಕಾಶಕರು ಆಯಾ ದೇಶದ ಆದಾಯಮಟ್ಟವನ್ನು ಗಮನಿಸಿ ಬೆಲೆ ನಿಗದಿ ಮಾಡಲು ಅವಕಾಶವಿರುವುದರಿಂದ, ಡಾಲರ್ ಬೆಲೆಯನ್ನು ವಿನಿಮಯ ದರದಂತೆ ಲೆಕ್ಕ ಹಾಕಿದರೆ ಬರುವ ಮೊತ್ತಕ್ಕಿಂತ ಕಡಿಮೆಗೆ ಹಲವು ಆಟಗಳು ಇಲ್ಲಿ ದೊರೆಯುತ್ತವೆ. ದೊಡ್ಡ ಸಂಸ್ಥೆಗಳೆಲ್ಲವೂ ಈ ಕ್ರಮವನ್ನು ಅನುಸರಿಸುವುದಿಲ್ಲ. ಮೇಲೆ ಹೇಳಿದ ಅಂತರಜಾಲ ಯುಗದ ಆಟಗಳಲ್ಲಿ ಹೆಚ್ಚಿನವಕ್ಕೆ ದುಬಾರಿ ಯಂತ್ರಾಂಶದ ಅಗತ್ಯವಿಲ್ಲ; ಹಳೆಯ ಅಥವಾ ಸಾಧಾರಣ ಕಂಪ್ಯೂಟರುಗಳಲ್ಲಿಯೂ ಆಡಬಹುದು. ಆಟದ ಬೆಲೆಗಿಂತ ಯಂತ್ರದ ಬೆಲೆಯೇ ದೊಡ್ಡ ತಡೆಯಾಗಿರುವ ಕುಟುಂಬಗಳಿಗೆ ಇದು ಮುಖ್ಯವಾದ ಸಂಗತಿ.

ಪರಿಣಾಮ

ಅಗ್ಗದ ಆಟಗಳು ರಚನಕಾರರಿಗೆ ಪಾಠಶಾಲೆಯಂತೆ ಒದಗಿವೆ. ‘ಕಿಕ್‌ಸ್ಟಾರ್ಟ್’ ರಚಿಸಿದ ಶಾನ್ ಸದರ್ನ್ ಮುಂದೆ ಪ್ರಸಿದ್ಧ ‘ಲೋಟಸ್’ ಕಾರು ಸ್ಪರ್ಧೆಯ ಆಟಗಳನ್ನು ರಚಿಸಿದರು. ಕೋಡ್‌ಮಾಸ್ಟರ್ಸ್ ಕಾರು ಸ್ಪರ್ಧೆಯ ಆಟಗಳಿಗೆ ಜಗತ್ಪ್ರಸಿದ್ಧವಾಯಿತು. ಬಂಡವಾಳ ಕಡಿಮೆಯಿದ್ದಾಗ ಸೋಲಿನ ಭಯವೂ ಕಡಿಮೆಯಾಗಿ, ದೊಡ್ಡ ಸಂಸ್ಥೆಗಳು ಕೈಹಾಕದ ಪ್ರಯೋಗಗಳಿಗೆ ಎಡೆಯಾಗುತ್ತದೆ. ಎದುರಾಳಿಯನ್ನು ಕ್ಷಮಿಸಬಹುದಾದ ಆಟವೂ, ಮೊಟ್ಟೆಯೊಂದು ನಾಯಕನಾದ ಆಟವೂ ಇಂತಹ ವಾತಾವರಣದಲ್ಲಿ ಹುಟ್ಟಿದವು.

ಟೀಕೆಗಳು

ರಚನಕಾರರ ಸಂಪಾದನೆ ಈ ವ್ಯವಸ್ಥೆಯ ಮೇಲಿನ ಪ್ರಮುಖ ಆಕ್ಷೇಪಕ್ಕೆ ಕಾರಣ. ಮಾರಾಟದ ಹಣದಲ್ಲಿ ಶೇಕಡ 30ರಷ್ಟನ್ನು ಅಂತರಜಾಲ ಮಳಿಗೆ ಪಡೆಯುವುದು ಬಹುಕಾಲದ ರೂಢಿ. ಅದರಂತೆ ಐದು ಡಾಲರಿನ ಆಟದಲ್ಲಿ ತೆರಿಗೆಗೆ ಮೊದಲು ರಚನಕಾರರಿಗೆ ಉಳಿಯುವುದು ಮೂರೂವರೆ ಡಾಲರ್. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದರೆ ಇದು ದೊಡ್ಡ ಮೊತ್ತ. ಕೆಲವು ನೂರು ಪ್ರತಿಗಳಿಗೆ ನಿಂತರೆ ವರ್ಷಗಳ ದುಡಿಮೆಗೆ ಸಿಗುವ ಕೂಲಿ ಅತ್ಯಲ್ಪ. ಗೆದ್ದ ಆಟಗಳು ಕಣ್ಣಿಗೆ ಬೀಳುತ್ತವೆ, ಸೋತವು ಬೀಳುವುದಿಲ್ಲ. ರಿಯಾಯಿತಿಗಾಗಿ ಕಾಯುವ ಅಭ್ಯಾಸವೂ ಹೊಸ ಆಟಗಳ ಮಾರಾಟವನ್ನು ಕುಗ್ಗಿಸುತ್ತದೆ ಎಂಬ ವಾದವಿದೆ.

ಮೊಬೈಲ್ ಮಾರುಕಟ್ಟೆಯಲ್ಲಿ ಈ ಇಳಿಕೆ ಇನ್ನೂ ಮುಂದೆ ಹೋಯಿತು. 2008ರಲ್ಲಿ ಆಪಲ್ ಸಂಸ್ಥೆಯ ಆಪ್ ಮಳಿಗೆ ತೆರೆದ ಬಳಿಕ 99 ಸೆಂಟ್ ಬೆಲೆ ಸಾಮಾನ್ಯವಾಯಿತು. ಅನಂತರ ಬೆಲೆಯೇ ಇಲ್ಲದೆ, ಆಟದ ಒಳಗೆ ಹಣ ಕೇಳುವ ಪದ್ಧತಿ ಪ್ರಬಲವಾಯಿತು. ಹೊರನೋಟಕ್ಕೆ ಉಚಿತವಾಗಿ ಕಾಣುವ ಇಂತಹ ಆಟಗಳಿಗೆ ಕೆಲವರು ಪೂರ್ಣ ಬೆಲೆಯ ಆಟಕ್ಕಿಂತ ಹೆಚ್ಚು ವೆಚ್ಚ ಮಾಡುವುದುಂಟು. ಈ ಕಾರಣದಿಂದ, ಒಂದೇ ಬಾರಿ ಹಣ ಕೊಟ್ಟು ಪೂರ್ಣವಾಗಿ ಪಡೆಯುವ ಅಗ್ಗದ ಆಟವನ್ನು ‘ಉಚಿತ’ ಆಟದಿಂದ ಬೇರೆಯಾಗಿ ನೋಡಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಒಡೆತನಕ್ಕೆ ಸಂಬಂಧಿಸಿದ್ದು. ಅಂತರಜಾಲ ಮಳಿಗೆಯಲ್ಲಿ ಹಣ ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಆಟವನ್ನು ಬಳಸುವ ಪರವಾನಗಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಆರಂಭದಿಂದ ಜಾರಿಗೆ ಬಂದ ಕಾನೂನು, ಮಳಿಗೆಗಳು ಈ ಸಂಗತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸುತ್ತದೆ. 1.99 ಪೌಂಡಿಗೆ ಕೊಂಡ ಕ್ಯಾಸೆಟ್ಟನ್ನು ಅದರ ಒಡೆಯ ಇನ್ನೊಬ್ಬರಿಗೆ ಕೊಡಬಹುದಾಗಿತ್ತು, ಮಾರಬಹುದಾಗಿತ್ತು, ಮಕ್ಕಳಿಗಾಗಿ ಇಟ್ಟುಕೊಳ್ಳಬಹುದಾಗಿತ್ತು. ಡೌನ್‌ಲೋಡ್ ಮಾಡಿಕೊಂಡ ಆಟಗಳಲ್ಲಿ ಹೆಚ್ಚಿನವಕ್ಕೆ ಈ ಸೌಲಭ್ಯವಿಲ್ಲ.