ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಹುಡುಕುತ್ತಾ

ಮಳವಳ್ಳಿಯ ವಿದ್ಯಾರ್ಥಿನಿಯೊಬ್ಬಳು ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ತರಗತಿಯಲ್ಲಿ ಅರ್ಥವಾಗದೆ ಉಳಿದದ್ದನ್ನು ಎದುರು ಕೂತು ಬಿಡಿಸಿ ಹೇಳುವವರು ಯಾರಾದರೂ ಸಿಕ್ಕಾರೇ ಎಂದು ಅವಳ ತಂದೆ ನಮ್ಮನ್ನು ಕೇಳಿದರು. ಅದೇನು ಮಹಾ ಕೆಲಸ ಎಂದು ಒಪ್ಪಿಕೊಂಡೆವು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರುಗಳಲ್ಲಿ ವಿಚಾರಿಸಿದೆವು. ಪಿಯುಸಿ ಗಣಿತಕ್ಕೆ, ಸಿಇಟಿಗೆ, ನೀಟ್‌ಗೆ ಪಾಠ ಹೇಳುವವರು ಎಲ್ಲೆಲ್ಲೂ ಇದ್ದಾರೆ. ಎಂ.ಎಸ್ಸಿ. ಎಂದೊಡನೆ ತಲೆ ಅಲ್ಲಾಡಿಸುತ್ತಾರೆ. ಮದ್ದೂರಿನ ಹಿರಿಯರೊಬ್ಬರು ಮಾತ್ರ ಬಹಳ ಮುತುವರ್ಜಿಯಿಂದ ಒಂದು ವಿಳಾಸ ಬರೆದುಕೊಟ್ಟರು. ಹುಡುಕಿಕೊಂಡು ಹೋದರೆ ಅದು ಹೆಸರಿನ ಅಕ್ಷರ ಎಣಿಸಿ ಅದೃಷ್ಟ ಹೇಳುವವರ ಮನೆ! ಆ ಹಿರಿಯರದೇನೂ ತಪ್ಪಿಲ್ಲ. ಕನ್ನಡದಲ್ಲಿ ಎರಡಕ್ಕೂ ಸಂಖ್ಯಾಶಾಸ್ತ್ರವೆಂದೇ ಹೆಸರು.

ಆ ಮನೆಯಿಂದ ಹಿಂದಿರುಗುವಾಗ ನಮಗೆ ಒಂದು ಕುತೂಹಲ ಹುಟ್ಟಿತು. ಈ ವಿದ್ಯೆಗೆ ಮೇಷ್ಟ್ರು ಸಿಗುವುದು ಇಂದಿಗೂ ಇಷ್ಟು ಕಷ್ಟವಾದರೆ, ದೇಶದಲ್ಲಿ ಅದನ್ನು ಮೊದಲು ಕಲಿತವರು ಯಾರ ಬಳಿ ಕಲಿತರು?

ಅವರಿಗೂ ಮೇಷ್ಟ್ರು ಇರಲಿಲ್ಲ. ಪ್ರಶಾಂತಚಂದ್ರ ಮಹಾಲನೋಬಿಸ್ ಕೇಂಬ್ರಿಜ್‌ನಲ್ಲಿ ಓದಿದ್ದು ಭೌತವಿಜ್ಞಾನ. 1915ರಲ್ಲಿ ಊರಿಗೆ ಹೊರಟಾಗ ‘ಬಯೋಮೆಟ್ರಿಕಾ’ ಪತ್ರಿಕೆಯ ಸಂಪುಟಗಳನ್ನು ಜೊತೆಗೆ ತಂದರು. ಹಡಗಿನಲ್ಲಿ ಕೂತು ಅವನ್ನು ಓದಿದ್ದೇ ಅವರ ಪಾಠ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತವಿಜ್ಞಾನ ವಿಭಾಗದ ಕೋಣೆಯಲ್ಲಿ ಅವರು ನಡೆಸುತ್ತಿದ್ದ ಪ್ರಯೋಗಾಲಯವೇ 1931ರ ಡಿಸೆಂಬರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯಾಗಿ ಬೆಳೆಯಿತು. ಸಹಾಯಕ್ಕೆ ಕರೆದುಕೊಂಡ ಆರ್.ಸಿ. ಬೋಸ್ ರೇಖಾಗಣಿತದ ಅಧ್ಯಾಪಕರು. ಅವರೂ ಪುಸ್ತಕ ಹಿಡಿದು ತಾವೇ ಕಲಿಯಬೇಕಾಯಿತು. ನಮ್ಮ ಮೈಸೂರಿನಲ್ಲೂ ಸ್ವಾತಂತ್ರ್ಯಕ್ಕೆ ಬಹಳ ಮೊದಲೇ ವಿಶ್ವವಿದ್ಯಾನಿಲಯದಲ್ಲಿ ಕೆ.ಬಿ. ಮಾಧವ ಅವರು ಗಣಿತೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಈ ವಿಷಯವನ್ನು ಬೆಳೆಸಿದ್ದರು. ಇಂದು ಅವರ ಹೆಸರು ಬಲ್ಲವರು ಕಡಿಮೆ.

ಈ ಚರಿತ್ರೆಯಲ್ಲಿ ಹುಡುಗಿಗೆ ನಾವು ಹೇಳಲು ಇಷ್ಟಪಟ್ಟ ಕಥೆ ಸಿ.ಆರ್. ರಾವ್ ಅವರದು. ಅವರು 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಮನೆಮಾತು ತೆಲುಗು, ತಂದೆ ಪೊಲೀಸ್ ಅಧಿಕಾರಿ. ನಸುಕಿನ ನಾಲ್ಕು ಗಂಟೆಗೆ ತಾಯಿ ಎಬ್ಬಿಸಿ, ಎಣ್ಣೆದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರೆಂದು ರಾವ್ ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮುಗಿಸಿದಾಗ ಮಹಾಯುದ್ಧದ ಕಾಲ. ಸೈನ್ಯದ ಸರ್ವೆ ವಿಭಾಗದಲ್ಲಿ ಒಂದು ನೌಕರಿಗಾಗಿ ಕಲ್ಕತ್ತೆಗೆ ಹೋದರು. ಅದು ದೊರೆಯಲಿಲ್ಲ. ಆದರೆ ತಂಗಿದ್ದ ಹೋಟೆಲಿನಲ್ಲಿ ಮಹಾಲನೋಬಿಸರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬ ಯುವಕನ ಪರಿಚಯವಾಯಿತು. ಅವನೊಡನೆ ಹೋಗಿ ಸಂಸ್ಥೆಯನ್ನು ನೋಡಿ ಬಂದ ರಾವ್ 1941ರ ಜನವರಿ 1ರಂದು ಅಲ್ಲಿಗೇ ಸೇರಿಬಿಟ್ಟರು. ಆ ವರ್ಷವೇ ಕಲ್ಕತ್ತಾ ವಿಶ್ವವಿದ್ಯಾನಿಲಯ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿ ತೆರೆಯಿತು. 1943ರಲ್ಲಿ ರಾವ್ ಪ್ರಥಮ ಸ್ಥಾನದೊಂದಿಗೆ ಹೊರಬಂದರು. ಕೆಲಸ ಸಿಗದಿದ್ದುದರಿಂದ ಸಿಕ್ಕಿದ ಗುರುಗಳು ಎಂದರೂ ಸರಿಯೇ.

ಮುಂದಿನದು ಇನ್ನೂ ಸ್ವಾರಸ್ಯ. ಓದು ಮುಗಿಸಿದೊಡನೆ ರಾವ್ ಅದೇ ತರಗತಿಗೆ ಪಾಠ ಹೇಳತೊಡಗಿದರು. ಒಂದು ದಿನ ಅಂದಾಜಿನ ಸಿದ್ಧಾಂತ ನಡೆದಿತ್ತು. ಮಾದರಿ ಬಹಳ ದೊಡ್ಡದಾಗಿದ್ದರೆ ಅಂದಾಜಿನ ಏರುಪೇರು ಎಷ್ಟಕ್ಕಿಂತ ಕಡಿಮೆಯಾಗದು ಎಂಬ ಫಿಶರರ ಫಲಿತಾಂಶವನ್ನು ಅವರು ವಿವರಿಸುತ್ತಿದ್ದರು. ಹಿಂದೆ ಕುಳಿತಿದ್ದ ವಿ.ಎಂ. ದಾಂಡೇಕರ್ ಎದ್ದು, ಚಿಕ್ಕ ಮಾದರಿಗೂ ಇಂಥದೊಂದು ಮಿತಿಯನ್ನು ಸಾಧಿಸಬಹುದೇ ಎಂದು ಕೇಳಿದರು. ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದರು, ಮರುದಿನ ಸಾಧನೆಯೊಂದಿಗೆ ತರಗತಿಗೆ ಬಂದರು. ಅದು 1945ರಲ್ಲಿ ಅಚ್ಚಾಯಿತು. ಸ್ವೀಡನ್ನಿನ ಕ್ರೇಮರ್ ಬೇರೆಯಾಗಿ ಅದನ್ನೇ ಕಂಡುಕೊಂಡಿದ್ದರಿಂದ ಜಗತ್ತು ಅದನ್ನು ಕ್ರೇಮರ್-ರಾವ್ ಮಿತಿ ಎನ್ನುತ್ತದೆ. ಕೈಯಲ್ಲಿರುವ ಮಾಹಿತಿಯಿಂದ ಎಷ್ಟೇ ಜಾಣತನದಿಂದ ಪಕ್ಷಪಾತವಿಲ್ಲದ ಅಂದಾಜು ಮಾಡಿದರೂ ತಪ್ಪುವ ಪ್ರಮಾಣವನ್ನು ಒಂದು ಗೆರೆಗಿಂತ ಕೆಳಗೆ ಇಳಿಸಲಾಗದು ಎಂಬುದೇ ಅದರ ತಿರುಳು. ಮೇಷ್ಟ್ರು, ಶಿಷ್ಯ ಇಬ್ಬರೂ 1920ರಲ್ಲೇ ಹುಟ್ಟಿದ ಓರಗೆಯವರು. ದಾಂಡೇಕರ್ ಮುಂದೆ ಪುಣೆಯಲ್ಲಿ ಬಡತನದ ಅಳತೆಗೆ ಹೆಸರಾದ ಅರ್ಥಶಾಸ್ತ್ರಜ್ಞರಾದರು. ರಾವ್ ಕೇಂಬ್ರಿಜ್‌ಗೆ ಹೋಗಿ ಫಿಶರರ ಕೈಕೆಳಗೆ 1948ರಲ್ಲಿ ಪಿಎಚ್.ಡಿ. ಪಡೆದರು. 2023ರಲ್ಲಿ, ನೂರಮೂರನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳ ಮುನ್ನ ತೀರಿಕೊಂಡರು. ಅದೇ ವರ್ಷ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. ಅವರು ಹಡಗಲಿಯಲ್ಲಿ ಹುಟ್ಟಿದವರೆಂದು ನಮ್ಮ ಪತ್ರಿಕೆಗಳು ಆಗ ನೆನಪಿಸಿದವು. ಶಾಲೆಯ ಪುಸ್ತಕದಲ್ಲಿ ನೆನಪಿಸಿದ್ದರೆ ಚೆನ್ನಾಗಿತ್ತು.

ಕಥೆ ಕೇಳಿದ ಹುಡುಗಿ ಒಂದು ಮಾತು ಹೇಳಿದಳು. ಅವರೆಲ್ಲ ಕಲ್ಕತ್ತೆಯಲ್ಲಿದ್ದರು, ನಾನು ಮಳವಳ್ಳಿಯಲ್ಲಿದ್ದೇನೆ. ನಮ್ಮೂರಿಗೆ ರೈಲು ಕೂಡ ಇಲ್ಲ.

ಮಾತು ನಿಜ. ಆದರೆ ಕಲ್ಕತ್ತೆಯಲ್ಲಿ ಈ ವಿದ್ಯೆ ಬೆಳೆದದ್ದು ಪಾಠದ ಕೋಣೆಯೊಳಗೆ ಮಾತ್ರವಲ್ಲ. ನದಿಯಲ್ಲಿ, ಸೆಣಬಿನ ಹೊಲದಲ್ಲಿ ಬೆಳೆಯಿತು. ಒಡಿಶಾದಲ್ಲಿ 1926ರಲ್ಲಿ ನೆರೆ ಬಂದಾಗ ನದಿಯ ತಳ ಎದ್ದಿದೆ, ಏರಿಗಳನ್ನು ಎತ್ತರಿಸಬೇಕು ಎಂದು ಇಂಜಿನಿಯರುಗಳು ಹೇಳಿದರು. ಮಹಾಲನೋಬಿಸ್ ಹಲವು ದಶಕಗಳ ಮಳೆ, ನೀರಿನ ಅಂಕಿಗಳನ್ನು ಪರಿಶೀಲಿಸಿ ತಳ ಎದ್ದಿಲ್ಲವೆಂದು ತೋರಿಸಿದರು, ಮೇಲ್ಭಾಗದಲ್ಲಿ ಅಣೆಕಟ್ಟೆ ಬೇಕೆಂದರು. ಹಿರಾಕುಡ್ ಯೋಜನೆಯ ಹಿಂದೆ ಆ ಲೆಕ್ಕವೂ ಇದೆ.

ನದಿಯ ಲೆಕ್ಕ ಎಂದ ಮೇಲೆ ಮಂಡ್ಯದವರಿಗೆ ಹೇಳಿಕೊಡಬೇಕೆ? ಕನ್ನಂಬಾಡಿಯ ಮಟ್ಟ ಎಷ್ಟು ಅಡಿ ಎಂದು ಪತ್ರಿಕೆಯಲ್ಲಿ ನೋಡಿದ ಮೇಲೆಯೇ ಇಲ್ಲಿ ಅನೇಕರು ಕಾಫಿ ಕುಡಿಯುವುದು. 124.80 ಅಡಿ ಎಂಬುದು ಈ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ. ಕಾವೇರಿ ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ನೀಡಿದ ಅಂತಿಮ ತೀರ್ಪು ನಿಂತಿರುವುದೇ ಸಂಖ್ಯಾಶಾಸ್ತ್ರದ ಒಂದು ಮಾತಿನ ಮೇಲೆ. ಕಣಿವೆಯ ಒಟ್ಟು ನೀರು 740 ಟಿಎಂಸಿ, ಅದು ಶೇ. 50ರ ಭರವಸೆಯ ಪ್ರಮಾಣ ಎಂದು ಅಲ್ಲಿ ಹೇಳಿದೆ. ಎಂದರೆ ವರ್ಷಗಳ ಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಅರ್ಧದಷ್ಟು ವರ್ಷಗಳಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರುತ್ತದೆ. ಉಳಿದರ್ಧ ವರ್ಷಗಳಲ್ಲಿ ಅಷ್ಟು ಬರುವುದಿಲ್ಲ! ಶೇ. 75ರ ಭರವಸೆ ಹಿಡಿದಿದ್ದರೆ ಒಟ್ಟು ಮೊತ್ತವೇ ಚಿಕ್ಕದಾಗುತ್ತಿತ್ತು. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ 192 ಟಿಎಂಸಿಯನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು 177.25ಕ್ಕೆ ಇಳಿಸಿತು. 740 ಮಾತ್ರ ಹಾಗೆಯೇ ಉಳಿಯಿತು. ಬರದ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ಜಗಳ 2012ರಲ್ಲಿ, 2016ರಲ್ಲಿ, 2023ರಲ್ಲಿ ಮಂಡ್ಯದ ಹೆದ್ದಾರಿಗೆ ಬಂದು ಕೂತಿತು. ಆ ನದಿ ಶಿವನಸಮುದ್ರದಲ್ಲಿ ಧುಮುಕಿ, ಮುತ್ತತ್ತಿಯನ್ನು ಹಾದು ಹೋಗುವುದು ಈ ಹುಡುಗಿಯ ತಾಲ್ಲೂಕಿನಲ್ಲೇ. ಧರಣಿ ಕೂರುವ ರೈತರ ಜೊತೆಗೆ ಭರವಸೆಯ ಪ್ರಮಾಣ ಎಂದರೇನೆಂದು ಪಟ್ಟು ಹಿಡಿದು ವಾದಿಸುವ ನಾಲ್ಕು ಜನ ಇದೇ ನೆಲದಲ್ಲಿ ತಯಾರಾಗಬೇಡವೇ?

ಹೊಲದ ಮಾತಿಗೆ ಬಂದರೆ, ಮಂಡ್ಯದ ಪಕ್ಕದಲ್ಲೇ ವಿ.ಸಿ. ಫಾರಂ ಇದೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಈ ಒಣನೆಲಕ್ಕೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಂಪನಿ ಬಂತು. ಹೊಸ ನೀರಿಗೆ ಯಾವ ಬೆಳೆ, ಯಾವ ತಳಿ ಎಂದು ಪರೀಕ್ಷಿಸುವ ಕ್ಷೇತ್ರ ನಾಲೆಯ ಹೆಸರನ್ನೇ ಹೊತ್ತಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಅಲ್ಲೇ. ಇಂದು ಕೃಷಿ ಕಾಲೇಜೂ ಅಲ್ಲಿದೆ.

ಫಿಶರ್ 1919ರಿಂದ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕೂತು ಕಟ್ಟಿದ ವಿದ್ಯೆಯನ್ನು ಇಂಥ ಕ್ಷೇತ್ರಗಳಲ್ಲಿ ಕಣ್ಣಾರೆ ಕಾಣಬಹುದು. ಆರು ಭತ್ತದ ತಳಿಗಳಲ್ಲಿ ಯಾವುದು ಮೇಲು ಎಂದು ತಿಳಿಯಬೇಕು ಎನ್ನಿ. ತೂಬಿನ ಹತ್ತಿರದ ಗದ್ದೆಗೆ ನೀರು ಹೆಚ್ಚು, ಕೊನೆಯಂಚಿಗೆ ಕಡಿಮೆ. ತೂಬಿನ ಬುಡದಲ್ಲಿ ಬೆಳೆದ ತಳಿ ಗೆದ್ದರೆ ಗೆದ್ದದ್ದು ತಳಿಯೋ ನೀರೋ? ಅದಕ್ಕಾಗಿ ನೆಲವನ್ನು ತೂಬಿನಿಂದ ದೂರಕ್ಕೆ ಪಟ್ಟಿಪಟ್ಟಿಯಾಗಿ ವಿಂಗಡಿಸುತ್ತಾರೆ. ಪ್ರತಿ ಪಟ್ಟಿಯಲ್ಲೂ ಆರೂ ತಳಿಗಳಿಗೆ ಜಾಗ. ಯಾವ ತಳಿಗೆ ಯಾವ ಮಡಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಮೇಲ್ವಿಚಾರಕನ ಮರ್ಜಿಗೆ ಬಿಡುವುದಿಲ್ಲ. ಪಟ್ಟಿಯೊಳಗೆ ತಳಿ ತಳಿಗೆ ಹೋಲಿಕೆ, ಪಟ್ಟಿ ಪಟ್ಟಿಯ ನಡುವಿನ ವ್ಯತ್ಯಾಸ ನೀರಿನ ಲೆಕ್ಕಕ್ಕೆ. ಎಂ.ಎಸ್ಸಿ. ಪುಸ್ತಕದಲ್ಲಿ ಇದು ಮೂರು ಪುಟಗಳ ಸೂತ್ರವಾಗಿ ಬಂದು ಹೆದರಿಸುತ್ತದೆ. ಗದ್ದೆಯ ಬದುವಿನ ಮೇಲೆ ನಿಂತವರಿಗೆ ಇದು ಸಾಮಾನ್ಯ ವಿವೇಕ.

ಬೆಳೆ ಕಟಾವಿನ ಪ್ರಯೋಗವೂ ಇಂಥದೇ. ಎಷ್ಟು ಚಿಕ್ಕ ತುಂಡನ್ನು ಕೊಯ್ದು ಇಡೀ ಪ್ರದೇಶದ ಇಳುವರಿ ಹೇಳಬಹುದು ಎಂಬ ಬಗ್ಗೆ ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ನಡುವೆ 1940ರ ದಶಕದಲ್ಲಿ ದೊಡ್ಡ ವಾದವೇ ನಡೆದಿತ್ತು. ತುಂಡು ತೀರ ಚಿಕ್ಕದಾದರೆ ಅಂಚಿನ ತೆನೆಗಳನ್ನೂ ಒಳಗೆ ಸೇರಿಸಿಕೊಂಡು ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದು ಸುಖಾತ್ಮೆ ಅವರ ಆಕ್ಷೇಪ. ಇಳುವರಿ ಹೆಚ್ಚು ಕಂಡರೆ ಇಂದಿನ ಬೆಳೆವಿಮೆಯಲ್ಲಿ ರೈತನ ಪರಿಹಾರ ಕಡಿಮೆಯಾಗುತ್ತದೆ ಎಂದು ಹೇಳಿದಾಗ ಹುಡುಗಿಯ ತಂದೆ ಮೊದಲ ಬಾರಿಗೆ ನಮ್ಮ ಮಾತಿಗೆ ಕಿವಿಗೊಟ್ಟರು.

ಇಷ್ಟಾದರೂ ಟ್ಯೂಷನ್ ಮೇಷ್ಟ್ರು ಸಿಕ್ಕಿದರೇ ಎಂದು ಓದುಗರು ಕೇಳಬಹುದು. ತಿಂಗಳ ಫೀಸು ಪಡೆದು ಮನೆಗೆ ಬರುವವರು ಯಾರೂ ಸಿಗಲಿಲ್ಲ. ಅಂತರಜಾಲದಲ್ಲಿ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಇವೆ. ಅವಳು ನೋಡುತ್ತಾಳೆ, ಆದರೆ ಪರದೆಯನ್ನು ಪ್ರಶ್ನೆ ಕೇಳುವಂತಿಲ್ಲ. ಮಹಾಲನೋಬಿಸರ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲೇ ಇದೆ. ಮದ್ದೂರಿನಿಂದ ಹೊರಟ ಎಷ್ಟೋ ಬಸ್ಸುಗಳು ಅದರ ಮುಂದೆಯೇ ಹೋಗುತ್ತವೆ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಂದ ಅಲ್ಲಿನ ಹಲವು ಕೋರ್ಸುಗಳಿಗೆ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ವಿದ್ಯಾರ್ಥಿವೇತನ ಕೊಡುತ್ತಾರೆ. ಇದು ನಮ್ಮ ಕಡೆಯ ಬಹಳ ಮಂದಿ ತಂದೆತಾಯಿಗಳಿಗೆ ಗೊತ್ತಿಲ್ಲ.

ಕೊನೆಗೆ ಸಿಕ್ಕಿದ್ದು ಮದ್ದೂರಿನ ಇನ್ನೊಬ್ಬ ವಿದ್ಯಾರ್ಥಿನಿ, ಅದೇ ವಿಷಯ, ಒಂದು ವರ್ಷ ಹಿರಿಯಳು. ಭಾನುವಾರಗಳಂದು ಇಬ್ಬರೂ ಒಬ್ಬರ ಮನೆಯಲ್ಲಿ ಕೂರುತ್ತಾರೆ. ಮೊನ್ನೆ ಹೋದಾಗ ಹಿರಿಯಳು ಏನನ್ನೋ ಹೇಳಿಕೊಡುತ್ತಿದ್ದಳು. ಕಿರಿಯಳು ನಡುವೆ ತಡೆದು ಏನೋ ಕೇಳಿದಳು. ಹಿರಿಯಳು ಪೆನ್ನು ಕೆಳಗಿಟ್ಟು, ನನಗೂ ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರುತ್ತೇನೆ ಎಂದಳು. ಆ ಪ್ರಶ್ನೆಯನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.