ಅಜ್ಜಿಯ ತೋಳಿನ ಕಲೆ

ಬಾಣಂತನಕ್ಕೆಂದು ಊರಿನಿಂದ ಬರುವ ನಮ್ಮ ತಾಯಂದಿರ ತೋಳಿನಲ್ಲಿ ಸಿಡುಬಿನ ಲಸಿಕೆಯ ಕಲೆಯನ್ನು ನಾವು ಕಂಡಿದ್ದೇವೆ. ಅದರ ಹಿಂದೆ ದೀರ್ಘ ಇತಿಹಾಸವಿದೆ.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಪ್ರಯೋಗಿಸಿದ ಈ ಲಸಿಕೆ 1802ರಲ್ಲಿ ಭಾರತವನ್ನು ತಲುಪಿತು. ಅದನ್ನು ಒಬ್ಬರ ತೋಳಿನ ಗುಳ್ಳೆಯಿಂದ ಮತ್ತೊಬ್ಬರ ತೋಳಿಗೆ ದಾಟಿಸುತ್ತಿದ್ದುದರಿಂದ ಜನರು ಹಿಂಜರಿದರು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಪಡೆದು ಮೇಲ್ಪಂಕ್ತಿಯಾದರು. 1805ರಲ್ಲಿ ಥಾಮಸ್ ಹಿಕ್ಕಿ ರಚಿಸಿದ ಚಿತ್ರವೊಂದರಲ್ಲಿ, ಸೆರಗು ಸರಿಸಿ ತೋಳನ್ನು ತೋರುತ್ತಿರುವವರು ಅವರೇ ಎಂಬುದು ಕೆಲವು ಇತಿಹಾಸಕಾರರ ಅಭಿಪ್ರಾಯ.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ನಿರ್ಮೂಲವಾಯಿತೆಂದು ಸಾರಿತು. ಆದುದರಿಂದಲೇ ನಮ್ಮ ಮಕ್ಕಳ ತೋಳಿನಲ್ಲಿ ಆ ಕಲೆಯಿಲ್ಲ.

ದಡಾರ, ನಾಯಿಕೆಮ್ಮುಗಳು ಇನ್ನೂ ಅಳಿದಿಲ್ಲ. ಲಸಿಕೆಯ ವೇಳಾಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಊರಿನ ಲಸಿಕಾ ಪುಸ್ತಕವನ್ನು ಇಲ್ಲಿಯ ವೈದ್ಯರಿಗೆ ತಪ್ಪದೆ ತೋರಿಸೋಣ. ಸಂದೇಹವಿದ್ದರೆ ಸಂಕೋಚವಿಲ್ಲದೆ ಕೇಳೋಣ.